ಅಮ್ಮನಿಗೆ ಉಬ್ಬಸ, ಲಾಲ್‌ಬಾಗ್ ಕೆರೆ ದಂಡೆಗೆ ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ಡಾಕ್ಟರ್, ನಾವು ಬೆಂಗಳೂರಿನ ಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ತೀರ್ಥಹಳ್ಳಿ ಕಡೆಯಿಂದ ಅಮ್ಮ (64) ವರ್ಷದಲ್ಲಿ ಮೂರ್ನಾಲ್ಕು ತಿಂಗಳು ನಮ್ಮ ಜೊತೆ ಬಂದಿರುತ್ತಾರೆ. ಕೆಲವು ವರ್ಷಗಳ ಹಿಂದೆ ಊರಿನ ಡಾಕ್ಟರು ಆಸ್ತಮಾ ಎಂದು ಹೇಳಿ ನೀಲಿ ಇನ್‌ಹೇಲರ್ ಕೊಟ್ಟಿದ್ದಾರೆ. ದಮ್ಮು ಬಂದಾಗ ಮಾತ್ರ ತೆಗೆದುಕೊಳ್ಳುತ್ತಾರೆ. ನಾಲ್ಕನೇ ಮಹಡಿಯ ಮನೆಯಲ್ಲಿ ಅವರಿಗೆ ಹೊತ್ತು ಹೋಗುವುದಿಲ್ಲ. ಊರಲ್ಲಿ ತೋಟದ ಕೆರೆ ಏರಿ ಮೇಲೆ ಕೂತು ಅಭ್ಯಾಸ. ಲಾಲ್‌ಬಾಗ್ ಕೆರೆ ನೋಡಿದರೆ ಜೀವಕ್ಕೆ ಸಮಾಧಾನ ಅಂತಾರೆ. ಕಳೆದ ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೆ ಕರೆದುಕೊಂಡು ಹೋಗಿದ್ದೆ. ಕೆರೆಗೆ ಅರ್ಧ ಸುತ್ತು ಹಾಕುವಷ್ಟರಲ್ಲಿ ಕೆಮ್ಮು ಶುರುವಾಗಿ, ಎದೆಯಲ್ಲಿ ಸುಂಯ್ ಸುಂಯ್ ಸದ್ದು ಬಂದು ಬೆಂಚಿನ ಮೇಲೆ ಕೂತುಬಿಟ್ಟರು. ಇನ್‌ಹೇಲರ್ ಮನೆಯಲ್ಲೇ ಇತ್ತು. ಪಕ್ಕದ ಮನೆಯವರು ಕೆರೆಯ ತೇವಕ್ಕೆ ಹಾಗಾಗಿದೆ ಅಂತಾರೆ. ಇನ್ನೊಬ್ಬರು ಬೆಳಗಿನ ಜಾವ ಮರಗಳು ವಿಷದ ಗಾಳಿ ಬಿಡುತ್ತವೆ ಅಂತಾರೆ. ತಮ್ಮ ಹೂವಿನ ಪರಾಗ ಕಾರಣ, ಇನ್ನು ಲಾಲ್‌ಬಾಗ್ ಸಹವಾಸವೇ ಬೇಡ ಅಂತಾನೆ. ಬೇಸಿಗೆಯಲ್ಲಿ ಕೆರೆ ನೀರು ಹಸಿರಾಗಿ ವಾಸನೆಯೂ ಬರುತ್ತದೆ. ನಿಜಕ್ಕೂ ಹೋಗಲೇಬಾರದಾ? ಹೊರಗೆ ಹತ್ತು ಜನರ ಮುಂದೆ ಇನ್‌ಹೇಲರ್ ತೆಗೆದುಕೊಳ್ಳೋಕೆ ಅಮ್ಮನಿಗೆ ಸಂಕೋಚ. ಅದು ಚಟ ಆಗುತ್ತದೆ ಅನ್ನುವ ಭಯವೂ ಇದೆ.

ಉತ್ತರ: ಕರೆದುಕೊಂಡು ಹೋಗಿ. ಆದರೆ ಅದಕ್ಕೆ ಮೊದಲು ಅವರ ಕಾಯಿಲೆ ಏನೆಂದು ಸರಿಯಾಗಿ ಗೊತ್ತಾಗಬೇಕು, ಔಷಧ ಬದಲಾಗಬೇಕು. ನಿಮ್ಮ ಪತ್ರ ಓದಿದಾಗ ನನಗೆ ಕೆರೆಯ ಬಗ್ಗೆ ಆತಂಕ ಅನಿಸಲಿಲ್ಲ. ವರ್ಷಗಳಿಂದ ಒಂದೇ ನೀಲಿ ಇನ್‌ಹೇಲರ್‌ನಲ್ಲಿ ದಿನ ದೂಡುತ್ತಿದ್ದಾರಲ್ಲ, ಆತಂಕ ಅನಿಸಿದ್ದು ಆ ಮಾತಿಗೆ.

ಮೊದಲು ಆ ಜನವರಿಯ ಬೆಳಿಗ್ಗೆ ಏನಾಗಿರಬಹುದು ಎಂದು ನೋಡೋಣ. ಬೆಂಗಳೂರಿನಲ್ಲಿ ಜನವರಿಯ ಬೆಳಗಿನ ಜಾವ ಉಷ್ಣಾಂಶ 15–16 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಕೆರೆ ಎಂದಮೇಲೆ ಅದು ತಗ್ಗಿನಲ್ಲೇ ಇರುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ರಾತ್ರಿಯೆಲ್ಲ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಚಳಿಗಾಲದಲ್ಲಿ ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನ ಪದರ ಬೆಚ್ಚಗೆ ಇರುವುದರಿಂದ ಪಾತ್ರೆಗೆ ಮುಚ್ಚಳ ಹಾಕಿದಂತಾಗಿ, ಹಿಂದಿನ ರಾತ್ರಿಯ ವಾಹನಗಳ ಹೊಗೆ, ದೂಳು, ಕಸಕ್ಕೆ ಇಟ್ಟ ಬೆಂಕಿಯ ಹೊಗೆ ಎಲ್ಲವೂ ಕೆಳಗೇ ಉಳಿಯುತ್ತವೆ. ಬಿಸಿಲು ಏರಿ ನೆಲ ಕಾದ ಮೇಲೆ ಅದು ಮೇಲೇರಿ ಚದುರುತ್ತದೆ. ಬೆಳಗಿನ ಜಾವದ ಗಾಳಿ ಶುದ್ಧ ಎಂಬ ಮಾತು ಹಳ್ಳಿಯಲ್ಲಿ ನಿಜವಾಗಿರಬಹುದು. ನಗರದ ಚಳಿಗಾಲಕ್ಕೆ ಅದು ಹೊಂದುವುದಿಲ್ಲ.

ಇಂಥ ಗಾಳಿಯಲ್ಲಿ ನಿಮ್ಮ ಅಮ್ಮ ನಡೆದರು, ಬಹುಶಃ ನಿಮ್ಮ ವೇಗಕ್ಕೆ. ವೇಗವಾಗಿ ನಡೆಯುವಾಗ ಬಾಯಿಂದ ಉಸಿರಾಡುತ್ತೇವೆ. ಮೂಗಿನಲ್ಲಿ ಬೆಚ್ಚಗಾಗಿ ತೇವಗೊಂಡು ಹೋಗಬೇಕಾದ ಗಾಳಿ ತಣ್ಣಗೆ, ಒಣಗಿಯೇ ಶ್ವಾಸನಾಳಕ್ಕೆ ಇಳಿಯುತ್ತದೆ. ಮೊದಲೇ ಊದಿಕೊಂಡಿರುವ ನಾಳ ಅದಕ್ಕೆ ಬಿಗಿದುಕೊಳ್ಳುತ್ತದೆ. ಮೊದಲು ಕೆಮ್ಮು, ಆಮೇಲೆ ಸದ್ದು, ಆಮೇಲೆ ಏದುಸಿರು. ನೀವು ಬರೆದ ಕ್ರಮವೂ ಇದೇ. ಕೆರೆಯ ತೇವ ಅಂದವರು ಜಾಗವನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ತೊಂದರೆ ಕೊಟ್ಟದ್ದು ತೇವವಲ್ಲ. ಅಲ್ಲಿ ಮಡುಗಟ್ಟಿದ್ದ ಚಳಿ, ಹೊಗೆ ಮತ್ತು ನಡಿಗೆಯ ವೇಗ.

ಮರಗಳು ವಿಷದ ಗಾಳಿ ಬಿಡುತ್ತವೆ ಎಂಬುದನ್ನು ಮನಸ್ಸಿನಿಂದ ತೆಗೆದುಹಾಕಿ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು, ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂಬ ಎರಡೂ ಮಾತನ್ನು ಕೇಳಿ ಬೆಳೆದವರು ನಾವು. ಮರಗಳು ರಾತ್ರಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುವುದು ನಿಜ. ಆದರೆ ಆ ಪ್ರಮಾಣ ತೀರಾ ಕಡಿಮೆ, ಬಯಲಿನ ಗಾಳಿಯಲ್ಲಿ ಕರಗಿ ಹೋಗುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಅಲ್ಲಿ ಸೇರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಮರದ ಉಸಿರಿನಿಂದ ಉಬ್ಬಸ ಬಂದ ರೋಗಿಯನ್ನು ನಾನು ಕಂಡಿಲ್ಲ.

ನಿಮ್ಮ ತಮ್ಮನ ಪರಾಗದ ಮಾತಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡಬೇಕು. ಪರಾಗದಿಂದ ಆಸ್ತಮಾ ಕೆರಳುವುದು ಖಂಡಿತ ಇದೆ. ಆದರೆ ಜನ ಬೊಟ್ಟು ಮಾಡುವುದು ಕಣ್ಣಿಗೆ ಕಾಣುವ ಹೂವಿನ ಕಡೆಗೆ. ಬೆಂಗಳೂರಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುತ್ತಿರಬೇಕು ಎಂಬ ಆಸೆಯಿಂದ ಮರಗಳನ್ನು ಆರಿಸಿ ನೆಡಿಸಿದವರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜರ್ಮನಿಯ ಕ್ರುಂಬಿಗಲ್ ಮುಖ್ಯರು. ಟಬೂಬಿಯಾ, ಜಕರಾಂಡ, ಗುಲ್‌ಮೊಹರ್ ಹೀಗೆ ಸಾಲಾಗಿ ಅರಳುವ ಈ ಹೂಗಳು ಜೇನುಹುಳ, ಪಾತರಗಿತ್ತಿ, ಹಕ್ಕಿಗಳನ್ನು ನಂಬಿದವು. ಅವುಗಳ ಪರಾಗ ಅಂಟಂಟಾಗಿ ಭಾರವಾಗಿರುತ್ತದೆ, ಗಾಳಿಯಲ್ಲಿ ದೂರ ಹಾರುವುದಿಲ್ಲ. ಉಬ್ಬಸದವರಿಗೆ ಕಾಟ ಕೊಡುವುದು ಯಾರೂ ತಲೆಯೆತ್ತಿ ನೋಡದ ಗಿಡಗಳು: ಹುಲ್ಲುಗಳು, ಗಾಳಿಮರ, ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ನಮ್ಮ ಜನರ ಕಾಂಗ್ರೆಸ್ ಹುಲ್ಲು. ನೋಡಿಕೊಳ್ಳುವ ಕೈಗಳಿರುವ ಉದ್ಯಾನಕ್ಕಿಂತ ನಿಮ್ಮ ಮನೆ ಪಕ್ಕದ ಪಾಳು ಸೈಟಿನಲ್ಲೇ ಈ ಕಳೆ ಹೆಚ್ಚಿರುವ ಸಂಭವ ಇದೆ. ಬೇಸಿಗೆಯಲ್ಲಿ ಹಾರುವ ಬೂರುಗದ ಅರಳೆಯನ್ನು ಕಂಡು ಹೆದರುವವರೂ ಇದ್ದಾರೆ. ಅದು ಪರಾಗವಲ್ಲ, ಬೀಜದ ಸುತ್ತಲಿನ ಎಳೆ. ಶ್ವಾಸಕೋಶದ ಒಳಗೆ ಇಳಿಯಲಾರದಷ್ಟು ದೊಡ್ಡದು. ಕಣ್ಣು ಮೂಗಿಗೆ ಕಿರಿಕಿರಿ ಆಗಬಹುದು, ಅಷ್ಟೇ.

ಮಳೆಗಾಲದಲ್ಲಿ ಮತ್ತು ಅದು ಮುಗಿದ ಮೇಲಿನ ವಾರಗಳಲ್ಲಿ ಪರಾಗಕ್ಕಿಂತ ಶಿಲೀಂಧ್ರದ ಕಣಗಳ ಬಗ್ಗೆ ಎಚ್ಚರ ಬೇಕು. ಕೊಳೆಯುತ್ತಿರುವ ಎಲೆಯ ರಾಶಿಯನ್ನು ಕಾಲಿನಿಂದ ಕೆದರಿದಾಗ, ಗುಡಿಸುವಾಗ ಅವು ಏಳುತ್ತವೆ. ಆ ದಿನಗಳಲ್ಲಿ ಮರದ ಬುಡದ ಮಣ್ಣುದಾರಿ ಬಿಟ್ಟು ಗಟ್ಟಿ ರಸ್ತೆಯಲ್ಲೇ ನಡೆಸಿ. ಗುಡಿಸುತ್ತಿರುವುದು ಕಂಡರೆ ಆ ಕಡೆ ಹೋಗಬೇಡಿ.

ಇನ್ನು ಹಸಿರು ನೀರು, ವಾಸನೆ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ, ಅದರಲ್ಲಿ ಪೋಷಕಾಂಶ ಹೆಚ್ಚಾಗಿ, ಬಿಸಿಲಿಗೆ ಪಾಚಿ ಹಬ್ಬುತ್ತದೆ. ತಳದ ಹೂಳಿನಲ್ಲಿ ಆಮ್ಲಜನಕ ಇಲ್ಲದೆ ಎಲೆ, ಕೊಳಕು ಕೊಳೆತಾಗ ಕೆಟ್ಟ ಮೊಟ್ಟೆಯ ವಾಸನೆ ಬರುತ್ತದೆ. ನಮ್ಮ ಮೂಗು ಈ ವಾಸನೆಗೆ ಬಹಳ ಚುರುಕು. ಹಾನಿ ಮಾಡುವ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ ಇರುವಾಗಲೇ ಹಿಡಿದುಬಿಡುತ್ತದೆ. ದಂಡೆಯಲ್ಲಿ ಕೂತವರ ಶ್ವಾಸಕೋಶ ಇದರಿಂದ ಕೆಡುವುದಿಲ್ಲ. ಆದರೆ ಯಾವುದೇ ಗಾಢ ವಾಸನೆ ಉಬ್ಬಸದವರಿಗೆ ಕೆಮ್ಮು ತರಿಸಬಹುದು. ವಾಸನೆ ಇದ್ದ ದಿನ ಗಾಳಿ ಬೀಸಿ ಬರುವ ಕಡೆಯ ದಂಡೆಯಲ್ಲಿ ಕೂರಿಸಿ, ಇಲ್ಲವೇ ಕೆರೆ ಕಾಣುವಷ್ಟು ದೂರದ ಬೆಂಚು ನೋಡಿ. ನೀರಿಗೆ ಕೈ ಅದ್ದುವುದು, ಮುಖ ತೊಳೆಯುವುದು ಮಾತ್ರ ಬೇಡವೇ ಬೇಡ. ಕೆಲವು ಜಾತಿಯ ಪಾಚಿ ವಿಷಕಾರಿ, ನೋಡಿದರೆ ಗೊತ್ತಾಗುವುದಿಲ್ಲ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ನಿಮ್ಮ ಅಮ್ಮ ಮಲೆನಾಡಿನವರು, 64 ವರ್ಷ. ಆ ವಯಸ್ಸಿನ ಎಷ್ಟೋ ಹೆಂಗಸರು ಹದಿಹರೆಯದಿಂದ ದಶಕಗಟ್ಟಲೆ ಸೌದೆ ಒಲೆಯ ಮುಂದೆ ಕೂತವರು. ಅಡುಗೆ ಒಲೆ, ಬಚ್ಚಲ ಒಲೆ, ಮಳೆಗಾಲದಲ್ಲಿ ಹಸಿ ಸೌದೆಯ ಹೊಗೆ. ಬೀಡಿ ಸಿಗರೇಟು ಮುಟ್ಟದ ಇವರಲ್ಲಿ ಸಿಒಪಿಡಿ ಎಂಬ ಕಾಯಿಲೆಯನ್ನು ನಾನು ಹೊರರೋಗಿ ವಿಭಾಗದಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಅವರ ಕೈಯಲ್ಲಿರುವ ಚೀಟಿಯಲ್ಲಿ ಬರೆದಿರುವುದು ‘ಆಸ್ತಮಾ’ ಎಂದು. ಎರಡರಲ್ಲೂ ಕೆಮ್ಮು, ಸದ್ದು, ಏದುಸಿರು ಇರುತ್ತವೆ. ಆಸ್ತಮಾದಲ್ಲಿ ನಾಳ ಬಿಗಿಯುತ್ತದೆ, ಮತ್ತೆ ಬಹುಮಟ್ಟಿಗೆ ಬಿಡುತ್ತದೆ. ನಡುವೆ ಚೆನ್ನಾಗಿರುವ ದಿನಗಳು ಸಿಗುತ್ತವೆ. ಸಿಒಪಿಡಿಯಲ್ಲಿ ನಾಳ ಪೂರ್ತಿ ಬಿಡುವುದಿಲ್ಲ, ವರ್ಷದಿಂದ ವರ್ಷಕ್ಕೆ ನಡೆಯುವ ದೂರ ಕಡಿಮೆಯಾಗುತ್ತಾ ಬರುತ್ತದೆ. ಚಿಕಿತ್ಸೆ ಬೇರೆ ಬೇರೆ. ಕೆಲವರಲ್ಲಿ ಎರಡೂ ಸೇರಿಕೊಂಡಿರುತ್ತವೆ.

ಇದನ್ನು ತಿಳಿಯಲು ಸ್ಪೈರೋಮೆಟ್ರಿ ಮಾಡಿಸಬೇಕು. ನಳಿಕೆಯೊಳಗೆ ಜೋರಾಗಿ, ಉಸಿರು ಮುಗಿಯುವವರೆಗೆ ಊದುವ ಪರೀಕ್ಷೆ. ಸೂಜಿ ಇಲ್ಲ, ನೋವಿಲ್ಲ. ಒಮ್ಮೆ ಊದಿಸಿ, ಔಷಧ ಕೊಟ್ಟು, ಸುಮಾರು ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಎರಡನೇ ಸಲಕ್ಕೆ ಶೇ 12ರಷ್ಟು ಮತ್ತು 200 ಮಿ.ಲೀ.ಗಿಂತ ಹೆಚ್ಚಾದರೆ ಆಸ್ತಮಾದ ಕಡೆಗೆ ಬಲವಾದ ಸೂಚನೆ. ಎಕ್ಸ್‌ರೇ ಒಂದರಿಂದ ಇದು ತೀರ್ಮಾನವಾಗುವುದಿಲ್ಲ. ಜೊತೆಗೆ ಇಸಿಜಿ ಮತ್ತು ರಕ್ತದ ಹಿಮೋಗ್ಲೋಬಿನ್ ಕೂಡ ನೋಡಿಸಿ. ಈ ವಯಸ್ಸಿನಲ್ಲಿ ನಡೆದಾಗ ಬರುವ ಏದುಸಿರು ಹೃದಯದ್ದೂ ಆಗಿರಬಹುದು, ರಕ್ತಹೀನತೆಯದೂ ಆಗಿರಬಹುದು. ಕಾಲು ಊತ, ಮಲಗಿದರೆ ಉಸಿರು ಕಟ್ಟಿ ಎರಡು ದಿಂಬು ಬೇಕಾಗುವುದು, ನಡೆಯುವಾಗ ಎದೆ ಬಿಗಿದು ದವಡೆ ಅಥವಾ ಎಡಗೈಗೆ ಹರಿಯುವುದು ಇದ್ದರೆ ಲಾಲ್‌ಬಾಗ್ ಇರಲಿ, ಮೊದಲು ಹೃದಯದ ಡಾಕ್ಟರ ಬಳಿ ಹೋಗಿ.

ಆಸ್ತಮಾ ಎಂದೇ ತೀರ್ಮಾನವಾದರೂ ನೀಲಿ ಇನ್‌ಹೇಲರ್ ಒಂದೇ ಸಾಲದು. ಅದು ಬಿಗಿದ ನಾಳವನ್ನು ಕೆಲವು ಗಂಟೆ ಸಡಿಲಿಸುತ್ತದೆ, ಒಳಗಿನ ಊತ ಹಾಗೇ ಉಳಿಯುತ್ತದೆ. ಊತ ಇಳಿಸುವುದು ಸೇದುವ ಸ್ಟೀರಾಯ್ಡ್. ನೀಲಿ ಒಂದನ್ನೇ ಕೊಟ್ಟು ಆಸ್ತಮಾ ನಡೆಸಬಾರದು ಎಂದು ಆಸ್ತಮಾದ ಜಾಗತಿಕ ಮಾರ್ಗಸೂಚಿ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ, ಏಕೆಂದರೆ ಹಾಗಿರುವವರಲ್ಲಿ ಇದ್ದಕ್ಕಿದ್ದಂತೆ ಜೋರಾದ ದಾಳಿ ಬಂದು ಜೀವಕ್ಕೆ ಅಪಾಯವಾಗುವುದು ಹೆಚ್ಚು. ಸ್ಟೀರಾಯ್ಡ್ ಎಂದ ಕೂಡಲೇ ಹೆದರಬೇಡಿ. ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ, ಇನ್‌ಹೇಲರಿನದು ಮೈಕ್ರೋಗ್ರಾಂನಲ್ಲಿ, ಅದೂ ನೇರವಾಗಿ ಶ್ವಾಸನಾಳಕ್ಕೆ. ಚಟ ಆಗುತ್ತದೆ ಎಂಬುದು ಸುಳ್ಳು. ಬಿಟ್ಟಾಗ ಉಬ್ಬಸ ಮರಳುವುದು ಕಾಯಿಲೆ ಇನ್ನೂ ಇರುವುದರಿಂದ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುತ್ತದಲ್ಲ, ಅದನ್ನು ಯಾರೂ ಚಟ ಎನ್ನುವುದಿಲ್ಲ.

ತೆಗೆದುಕೊಳ್ಳುವ ರೀತಿಯನ್ನೂ ಒಮ್ಮೆ ಕೂತು ನೋಡಿ. ನನ್ನ ಮುಂದೆ ಇನ್‌ಹೇಲರ್ ಒತ್ತಿ ತೋರಿಸುವವರಲ್ಲಿ ಬಹಳ ಮಂದಿಗೆ ಔಷಧ ಗಂಟಲಿನಲ್ಲೇ ನಿಲ್ಲುತ್ತಿರುತ್ತದೆ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ತನ್ನಿ. ಇನ್‌ಹೇಲರನ್ನು ಚೆನ್ನಾಗಿ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ, ಅಮ್ಮ ಉಸಿರನ್ನು ಪೂರ್ತಿ ಹೊರಗೆ ಬಿಡಲಿ. ಕೊಳವೆಯ ಬಾಯಿಯನ್ನು ತುಟಿಯಿಂದ ಬಿಗಿಯಾಗಿ ಮುಚ್ಚಿ, ಒಂದು ಸಲ ಒತ್ತಿ, ನಿಧಾನವಾಗಿ ಆಳವಾಗಿ ಎಳೆದುಕೊಳ್ಳಬೇಕು. ಹತ್ತು ಎಣಿಸುವವರೆಗೆ ಉಸಿರು ಹಿಡಿದು ಬಿಡಬೇಕು. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ. ಸ್ಟೀರಾಯ್ಡ್ ಇರುವುದಾದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರು ಬರುತ್ತದೆ. ಜನರ ಮುಂದೆ ಸಂಕೋಚ ಇದ್ದರೆ, ದಿನಾ ಬೆಳಿಗ್ಗೆ ಸಂಜೆ ತೆಗೆದುಕೊಳ್ಳುವುದನ್ನು ಮನೆಯಲ್ಲೇ ಮುಗಿಸಬಹುದು. ಅದನ್ನು ತಪ್ಪದೆ ತೆಗೆದುಕೊಂಡರೆ ಹೊರಗೆ ಚೀಲದಿಂದ ಇನ್‌ಹೇಲರ್ ತೆಗೆಯುವ ಸಂದರ್ಭವೇ ಅಪರೂಪವಾಗುತ್ತದೆ. ಈ ಮಾತನ್ನು ಅಮ್ಮನಿಗೆ ನೀವೇ ಹೇಳಿ. ಡಾಕ್ಟರು ಹೇಳುವುದಕ್ಕಿಂತ ಮಗಳು ಹೇಳಿದರೆ ಬೇಗ ನಾಟುತ್ತದೆ.

ಮನೆಯೊಳಗೂ ಒಮ್ಮೆ ಕಣ್ಣಾಡಿಸಿ. ರಾತ್ರಿ ಸೊಳ್ಳೆಬತ್ತಿ, ದೇವರ ಮುಂದೆ ಊದುಬತ್ತಿ ಮತ್ತು ಧೂಪ, ಹಳೆಯ ಹತ್ತಿ ಹಾಸಿಗೆಯ ದೂಳುಹುಳ, ಬಾಲ್ಕನಿಯಲ್ಲಿ ಪಾರಿವಾಳ. ಇವು ಇಡೀ ದಿನ ಅವರ ಜೊತೆ ಇರುತ್ತವೆ, ಕೆರೆ ದಂಡೆ ಒಂದು ಗಂಟೆ. ಪಾರಿವಾಳದ ಹಿಕ್ಕೆ, ರೆಕ್ಕೆಯ ದೂಳಿನಿಂದ ಶ್ವಾಸಕೋಶದ ಒಳಪದರವೇ ಗಟ್ಟಿಯಾಗುವ ಕಾಯಿಲೆ ಇದೆ, ಆಸ್ತಮಾದ ಇನ್‌ಹೇಲರ್ ಅದಕ್ಕೆ ಕೆಲಸ ಮಾಡುವುದಿಲ್ಲ. ಬಾಲ್ಕನಿಗೆ ಬಲೆ ಹಾಕಿಸಿ, ಹಿಕ್ಕೆಯನ್ನು ಅಮ್ಮನ ಕೈಯಲ್ಲಿ ಗುಡಿಸಿಸಬೇಡಿ.

ಔಷಧ ಶುರುವಾಗಿ ಒಂದು ತಿಂಗಳಾದ ಮೇಲೆ ಹಿಂದಿನ ನಾಲ್ಕು ವಾರವನ್ನು ನೆನಪಿಸಿಕೊಳ್ಳಿ. ಹಗಲು ಉಬ್ಬಸ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಂತೇ? ರಾತ್ರಿ ಕೆಮ್ಮಿಗೆ ಎಚ್ಚರವಾಯಿತೇ? ನೀಲಿ ಇನ್‌ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ? ಉಬ್ಬಸದಿಂದ ಕೆಲಸಕ್ಕೆ ಅಡ್ಡಿಯಾಯಿತೇ? ನಾಲ್ಕಕ್ಕೂ ಇಲ್ಲ ಎಂಬ ಉತ್ತರ ಬಂದರೆ ಹೊರಡಿ. ಒಂದಕ್ಕೆ ಹೌದು ಎಂದರೂ ಡಾಕ್ಟರಿಗೆ ತಿಳಿಸಿ, ಔಷಧ ಸರಿಮಾಡಿಸಿ.

ಹೊತ್ತು ಯಾವುದು? ನವೆಂಬರಿನಿಂದ ಫೆಬ್ರವರಿವರೆಗೆ ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ಎಂಟೂವರೆ ನಂತರ. ಆ ಹೊತ್ತಿಗೆ ಸುತ್ತಲಿನ ರಸ್ತೆಗಳಲ್ಲಿ ವಾಹನ ಹೆಚ್ಚಿರುತ್ತದೆ, ಅದೊಂದು ತೊಡಕು. ಆದರೆ 1760ರಲ್ಲಿ ಹೈದರ್ ಅಲಿ ಶುರುಮಾಡಿದ ತೋಟ ಈಗ ಸುಮಾರು 240 ಎಕರೆಗೆ ಬೆಳೆದಿದೆ. ಒಳಗೆ ಹೋದಷ್ಟೂ ರಸ್ತೆಯ ಹೊಗೆ ದೂರವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಲೆಕ್ಕ ತಿರುಗುಮುರುಗು. ಆಗ ಬೆಳಗಿನ ಆರೂವರೆ, ಏಳೇ ಒಳ್ಳೆಯದು, ಮಧ್ಯಾಹ್ನದ ಬಿಸಿಲಿನಲ್ಲಿ ಶ್ವಾಸನಾಳವನ್ನು ಕೆರಳಿಸುವ ಓಝೋನ್ ಅನಿಲ ನೆಲಮಟ್ಟದಲ್ಲಿ ಹೆಚ್ಚುತ್ತದೆ. ಆ ತಿಂಗಳುಗಳ ಸಂಜೆ ಗುಡುಗು ಗಾಳಿ ಎದ್ದರೆ ಮನೆಯಲ್ಲೇ ಇರಿ. ಗುಡುಗುಮಳೆಯ ಮೊದಲ ಗಾಳಿ ಪರಾಗವನ್ನು ಒಡೆದು ನುಣ್ಣಗೆ ಮಾಡಿ ನೆಲಮಟ್ಟಕ್ಕೆ ತರುತ್ತದೆ, ಆಗ ಉಬ್ಬಸ ದಿಢೀರ್ ಕೆರಳಬಹುದು. ದೀಪಾವಳಿಯ ಪಟಾಕಿ ದಿನಗಳು ಬೇಡ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಗಳ ಸುತ್ತಮುತ್ತ ಗಾಜಿನಮನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವಾಗಲೂ ಬೇಡ. ಹೂವಿನಿಂದ ತೊಂದರೆ ಎಂದಲ್ಲ. ಆ ನೂಕುನುಗ್ಗಲಿನಲ್ಲಿ ದೂಳಿದೆ, ನೆಗಡಿ ಕೆಮ್ಮು ಹರಡುವವರಿದ್ದಾರೆ, ತೊಂದರೆಯಾದರೆ ಬೇಗ ಹೊರಗೆ ಬರಲು ಆಗುವುದಿಲ್ಲ. ವಾರದ ನಡುವಿನ ದಿನ ಹೋದರೆ ದಂಡೆಯಲ್ಲಿ ಜಾಗವೂ ಇರುತ್ತದೆ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನು ಕೂತು ನೋಡಬಹುದು.

ಮೆಟ್ರೋದಲ್ಲಿ ಬಂದರೆ ಲಾಲ್‌ಬಾಗ್ ನಿಲ್ದಾಣದಿಂದ ಪಶ್ಚಿಮ ದ್ವಾರ ಹತ್ತಿರ. ಮನೆ ಬಿಡುವ ಮೊದಲು, ಡಾಕ್ಟರು ಒಪ್ಪಿದ್ದರೆ, ನಡಿಗೆಗೆ ಹತ್ತು ಹದಿನೈದು ನಿಮಿಷ ಮುಂಚೆ ನೀಲಿ ಇನ್‌ಹೇಲರ್ ತೆಗೆದುಕೊಳ್ಳಬಹುದು. ಚಳಿ ಇದ್ದರೆ ಮೂಗು ಬಾಯಿ ಮುಚ್ಚುವಂತೆ ಶಾಲು ಸುತ್ತಿ. ಮೊದಲ ಐದು ಹತ್ತು ನಿಮಿಷ ತೀರಾ ನಿಧಾನವಾಗಿ ನಡೆಸಿ. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಆ ವೇಗ ಸರಿ, ಮಾತು ತುಂಡಾದರೆ ಕೂರಿಸಿ. ಕೆರೆಯ ಪೂರ್ತಿ ಸುತ್ತು ಬೇಕಿಲ್ಲ. ಬ್ಯಾಟರಿ ಗಾಡಿಯಲ್ಲಿ ತೋಟ ಸುತ್ತಿ, ಕೆರೆಯ ಹತ್ತಿರ ಇಳಿದು ಕೂತರೂ ಆಯಿತು. ಆದರೆ ಪ್ರತಿಸಲ ಗಾಡಿಯಲ್ಲೇ ಹೋದರೆ ಕಾಲಿನ ಶಕ್ತಿ ಕುಗ್ಗಿ, ಏದುಸಿರು ಇನ್ನೂ ಬೇಗ ಬರುತ್ತದೆ. ವಿಶೇಷವಾಗಿ ಸಿಒಪಿಡಿ ಇದ್ದವರಿಗೆ ದಿನದ ನಡಿಗೆಯೇ ಚಿಕಿತ್ಸೆಯ ಭಾಗ. ನಿಮ್ಮ ತಮ್ಮ ಹೇಳುವಂತೆ ಮನೆಯಲ್ಲೇ ಕೂರಿಸುವುದನ್ನು ನಾನು ಒಪ್ಪದಿರುವುದೂ ಇದಕ್ಕೇ. ಬಂಡೆಯ ಮೇಲಿನ ಕೆಂಪೇಗೌಡ ಗೋಪುರ ನೋಡುವ ಆಸೆ ಅಮ್ಮನಿಗೆ ಇರಬಹುದು. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ, ಮೇಲೆ ನಿಂತರೆ ನಗರ ಕಾಣುತ್ತದೆ. ಕೆರೆ ದಂಡೆಯಲ್ಲಿ ಉಬ್ಬಸ ಇಲ್ಲದೆ ಕೆಲವು ವಾರ ನಡೆದ ಮೇಲೆ, ನಿಂತು ನಿಂತು ಹತ್ತಿಸಿ. ಮಳೆ ಬಂದ ದಿನ ಬೇಡ, ಬಂಡೆ ಜಾರುತ್ತದೆ.

ಅಷ್ಟಾಗಿಯೂ ದಮ್ಮು ಬಂದರೆ ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸ್ಪೇಸರಿನಲ್ಲಿ ನೀಲಿ ಔಷಧ ಒಂದೊಂದಾಗಿ ನಾಲ್ಕು ಪಫ್ ಕೊಡಿ, ನಾಲ್ಕು ನಿಮಿಷ ಕಾಯಿರಿ, ಇಳಿಯದಿದ್ದರೆ ಮತ್ತೆ ನಾಲ್ಕು. ಆಗಲೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಹಾಗೇ ಕೊಡುತ್ತಿರಿ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಜೋರಾಗಿದ್ದ ಸದ್ದು ನಿಂತು ಸುಸ್ತಾಗಿ ತೂಕಡಿಸಿದರೆ ಎರಡನೇ ಸುತ್ತಿಗೂ ಕಾಯದೆ ಕರೆ ಮಾಡಿ. ಸದ್ದು ನಿಂತಿತು ಎಂದು ಸಮಾಧಾನಪಡಬೇಡಿ, ಗಾಳಿಯೇ ಆಡುತ್ತಿಲ್ಲ ಎಂದು ಅದರ ಅರ್ಥ ಇರಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ 96 ತೋರಿಸುತ್ತಿದೆ ಎಂದೂ ಸುಮ್ಮನಿರಬೇಡಿ, ದಾಳಿಯ ಶುರುವಿನಲ್ಲಿ ಅದು ಚೆನ್ನಾಗಿಯೇ ಇರುತ್ತದೆ.

ಸ್ಪೈರೋಮೆಟ್ರಿಗೆ ಹೋಗುವ ದಿನ ಅಮ್ಮ ತೆಗೆದುಕೊಳ್ಳುವ ಎಲ್ಲ ಔಷಧದ ಪಟ್ಟಿ, ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಬಿಪಿ ಮಾತ್ರೆಗಳು ಶ್ವಾಸನಾಳವನ್ನು ಬಿಗಿಯಬಲ್ಲವು. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಗಳಿಂದ, ಆಸ್ಪಿರಿನ್‌ನಿಂದ ಕೆಲವರಿಗೆ ಉಬ್ಬಸ ಕೆರಳುತ್ತದೆ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ ಕೂಡ ಇದೇ ಸಾಲಿನದು, ಕಣ್ಣಿನ ಔಷಧ ತಾನೇ ಎಂದು ಅದನ್ನು ಹೇಳುವುದನ್ನೇ ಬಹಳ ಜನ ಮರೆಯುತ್ತಾರೆ. ಇವುಗಳಲ್ಲಿ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಔಷಧವನ್ನು ಡಾಕ್ಟರೇ ಬರೆದುಕೊಡುತ್ತಾರೆ.